ಲೆಕ್ಕವೂ ದಯೆಯೂ

ಎಣಿಸುವುದು ಮನುಷ್ಯನಿಗೆ ಸಹಜವಾದ ವ್ಯಾಪಾರ. ರೈತನು ಕಣದಲ್ಲಿ ರಾಶಿಯನ್ನು ಅಳೆಯುತ್ತಾನೆ. ವರ್ತಕನು ಅಂಗಡಿಯಲ್ಲಿ ಹಣವನ್ನು ಎಣಿಸುತ್ತಾನೆ. ಜಾತ್ರೆಯಿಂದ ಮರಳುವ ತಾಯಿಯು ಗಾಡಿ ಹೊರಡುವ ಮುನ್ನ ತನ್ನ ಮಕ್ಕಳ ತಲೆಗಳನ್ನು ಎಣಿಸುತ್ತಾಳೆ. ಹೊರನೋಟಕ್ಕೆ ಈ ಮೂರೂ ಒಂದೇ ಬಗೆಯ ಎಣಿಕೆಗಳು. ಆದರೆ ಮೊದಲಿಬ್ಬರ ಎಣಿಕೆ ತಮಗೆ ಎಷ್ಟು ಲಭಿಸಿತೆಂಬುದನ್ನು ತಿಳಿಯುವುದಕ್ಕೆ; ತಾಯಿಯ ಎಣಿಕೆ ಯಾರು ಹಿಂದುಳಿದರೆಂಬುದನ್ನು ತಿಳಿಯುವುದಕ್ಕೆ. ಸಂಖ್ಯೆ ಒಂದೇ ಆದರೂ ಎಣಿಸುವವರ ಭಾವಕ್ಕೆ ಅನುಗುಣವಾಗಿ ಅದರ ಫಲ ಬೇರೆಯಾಗುತ್ತದೆ.

ರೋಗಿಗಳನ್ನು ಎಣಿಸುವ ಕಾರ್ಯವು ಈ ಎರಡು ಬಗೆಗಳಲ್ಲಿ ಯಾವುದಕ್ಕೆ ಸೇರಬೇಕು? ಏಡ್ಸ್ ರೋಗದ ವಿಷಯದಲ್ಲಿ ಈ ಪ್ರಶ್ನೆಯು ಬೇರೆಲ್ಲ ರೋಗಗಳಿಗಿಂತ ತೀಕ್ಷ್ಣವಾಗಿದೆ. ಮಲೇರಿಯಾ ಬಂದವನನ್ನು ನೆರೆಯವರು ಮರುಗಿ ನೋಡುತ್ತಾರೆ, ಎಚ್.ಐ.ವಿ. ಸೋಂಕು ತಗುಲಿದವನನ್ನು ಮೊದಲು ವಿಚಾರಣೆಗೆ ಗುರಿಪಡಿಸಿ, ಮರುಗುವುದನ್ನು ಆಮೇಲಕ್ಕೆ ಇಡುತ್ತಾರೆ. ಆದಕಾರಣ ಇಲ್ಲಿ ಎಣಿಸುವವರ ಧರ್ಮ ಯಾವುದು, ಎಣಿಕೆಯನ್ನು ಓದುವವರ ಧರ್ಮ ಯಾವುದು ಎಂಬುದನ್ನು ವಿಚಾರಿಸುವುದು ಅವಶ್ಯಕ.

ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ನೋಡೋಣ. ಈ ವ್ಯಾಧಿಯು ೧೯೮೧ರಲ್ಲಿ ಅಮೆರಿಕದಲ್ಲಿ ವೈದ್ಯರ ಗಮನಕ್ಕೆ ಬಂದಿತು. ಅದಕ್ಕೆ ಕಾರಣವಾದ ವೈರಾಣುವನ್ನು ೧೯೮೩ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಕಂಡರು. ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದದ್ದು ೧೯೮೬ರಲ್ಲಿ, ಮದರಾಸಿನಲ್ಲಿ. ೧೯೯೨ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮವು ಆರಂಭವಾಯಿತು. ೧೯೯೮ರಿಂದ ದೇಶದಾದ್ಯಂತ ಕ್ರಮಬದ್ಧವಾದ ಎಣಿಕೆ ನಡೆದುಬಂದಿತು. ೨೦೦೪ರ ಏಪ್ರಿಲ್ ತಿಂಗಳಿನಿಂದ ಸರಕಾರವು ವೈರಾಣುವನ್ನು ಅಡಗಿಸುವ ಔಷಧವನ್ನು ಉಚಿತವಾಗಿ ಕೊಡಲಾರಂಭಿಸಿತು. ಲೆಕ್ಕವು ಮೊದಲು ಬಂದಿತು, ಮದ್ದು ಅನಂತರ ಬಂದಿತು ಎಂಬ ಈ ಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕು. ಮದ್ದಿಲ್ಲದ ಕಾಲದ ಲೆಕ್ಕವು ಜನರಿಗೆ ಭಯವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಮದ್ದು ಬಂದ ಮೇಲೂ ಆ ಭಯವು ಅಳಿಯದಿದ್ದರೆ ಅದು ವಿಚಾರಣೀಯ.

ಇನ್ನು ಈ ಲೆಕ್ಕವು ನಡೆಯುವ ಬಗೆ. ಗರ್ಭಿಣಿಯರ ಚಿಕಿತ್ಸಾಲಯಗಳಲ್ಲಿ ಕೆಲವನ್ನು ಆರಿಸಿ, ಒಂದೊಂದರಲ್ಲಿಯೂ ನಿಯಮಿತ ಅವಧಿಯೊಳಗೆ ಬಂದ ೪೦೦ ಮಂದಿಯ ರಕ್ತವನ್ನು ಪರೀಕ್ಷಿಸುವುದು ಒಂದು ಕ್ರಮ. ಇದನ್ನು ಕಾವಲು ಸಮೀಕ್ಷೆಯೆನ್ನಬಹುದು. ಆಸ್ಪತ್ರೆಗಳಲ್ಲಿರುವ ಆಪ್ತ ಸಮಾಲೋಚನಾ ಕೇಂದ್ರಗಳಿಗೆ ಬಂದವರೆಷ್ಟು, ಸೋಂಕು ಕಂಡುಬಂದವರೆಷ್ಟು ಎಂಬುದನ್ನು ತಿಂಗಳು ತಿಂಗಳಿಗೆ ಬರೆದಿಡುವುದು ಎರಡನೆಯ ಕ್ರಮ. ಮನೆಮನೆಗೆ ಹೋಗಿ ರಕ್ತ ಸಂಗ್ರಹಿಸಿದ ಸಮೀಕ್ಷೆ ಮೂರನೆಯದು. ೨೦೦೫-೦೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸುಮಾರು ಒಂದು ಲಕ್ಷ ಜನರನ್ನು ಹೀಗೆ ಪರೀಕ್ಷಿಸಿದರು.

ಈಗ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಇದರಲ್ಲಿ ಸೇರಿವೆ. ಮಳೆ ಕಡಮೆಯಾದ ಸೀಮೆ. ಶೇಂಗಾ ಬೆಳೆ ಕೈಕೊಟ್ಟ ವರ್ಷ ಸಂಸಾರಗಳು ಕೂಲಿಯನ್ನರಸಿ ಬೆಂಗಳೂರಿಗೆ ಹೋಗುತ್ತವೆ. ಶಿರಾ ಪಟ್ಟಣವು ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯ ಮೇಲಿದೆ; ಅಲ್ಲಿ ಹಗಲಿರುಳೂ ಲಾರಿಗಳ ಸಂಚಾರ. ಪಾವಗಡವು ಬಹುಭಾಗ ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದಿದೆ. ಅಲ್ಲಿಂದ ಜಿಲ್ಲಾ ಕೇಂದ್ರವಾದ ತುಮಕೂರಿಗೆ ಸುಮಾರು ೧೦೦ ಕಿಲೋಮೀಟರ್ ದಾರಿ. ಇಂಥ ನಾಲ್ಕು ತಾಲ್ಲೂಕುಗಳ ಅಂಕಿಗಳನ್ನು ಅಕ್ಕಪಕ್ಕದಲ್ಲಿ ಬರೆದು ನೋಡಿದ ಒಬ್ಬಾತನು, ‘ಇಲ್ಲಿ ಅಂಕಿ ಹೆಚ್ಚು, ಆದ್ದರಿಂದ ಇಲ್ಲಿಯ ಜನ ಕೆಟ್ಟವರು, ಅಲ್ಲಿ ಅಂಕಿ ಕಡಮೆ, ಆದ್ದರಿಂದ ಅಲ್ಲಿಯವರು ಶುದ್ಧರು’ ಎಂದು ನಿರ್ಣಯಿಸಿದನೆಂದಿಟ್ಟುಕೊಳ್ಳೋಣ. ಈ ನಿರ್ಣಯವು ನಿಲ್ಲುವುದೇ?

ನ್ಯಾಯಶಾಸ್ತ್ರದಲ್ಲಿ ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವ ಉದಾಹರಣೆಯು ಪ್ರಸಿದ್ಧವಾದುದು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಇದು ಸರಿಯಾದ ಅನುಮಾನ. ಆದರೆ ಹೊಗೆಯಿಲ್ಲದಲ್ಲಿ ಬೆಂಕಿಯಿಲ್ಲವೆನ್ನುವುದು ತಪ್ಪು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಮುಟ್ಟಿದ ಕೈ ಮಾತ್ರ ಸುಡುತ್ತದೆ. ಪರೀಕ್ಷಾ ಕೇಂದ್ರದ ಅಂಕಿಯು ಹೊಗೆಯಂತೆ. ಪರೀಕ್ಷೆ ನಡೆದಲ್ಲಿ ಮಾತ್ರ ಅದು ಕಾಣುತ್ತದೆ. ಒಂದು ತಾಲ್ಲೂಕಿನಲ್ಲಿ ಈ ವರ್ಷ ಪರೀಕ್ಷೆಗೆ ಬಂದವರು ಹಿಂದಿನ ವರ್ಷಕ್ಕಿಂತ ಇಮ್ಮಡಿಯಾದರೆ, ರೋಗವು ಒಂದು ಕೂದಲೆಳೆಯಷ್ಟು ಹೆಚ್ಚದಿದ್ದರೂ ಪತ್ತೆಯಾದವರ ಸಂಖ್ಯೆ ಇಮ್ಮಡಿಯಾಗಬಹುದು. ಆ ಅಂಕಿಯು ಅಲ್ಲಿಯ ದುರಾಚಾರದ ಗುರುತಲ್ಲ. ಸಮಾಲೋಚಕರ ಶ್ರದ್ಧೆಯ ಮತ್ತು ಜನರ ಧೈರ್ಯದ ಗುರುತು. ಊರಿನವರ ಕಣ್ಣಿಗೆ ಬಿದ್ದೇನೆಂಬ ಹೆದರಿಕೆಯಿಂದ ಒಬ್ಬನು ತನ್ನ ತಾಲ್ಲೂಕಿನ ಆಸ್ಪತ್ರೆಯನ್ನು ಬಿಟ್ಟು ಗಡಿಯಾಚೆಯ ಊರಿನಲ್ಲೋ ಬೆಂಗಳೂರಿನಲ್ಲೋ ಪರೀಕ್ಷಿಸಿಕೊಂಡರೆ, ಆ ಅಂಕಿಯು ಬೇರೆಯ ಊರಿನ ಪುಸ್ತಕಕ್ಕೆ ಸೇರುತ್ತದೆ. ಅವನ ಸ್ವಂತ ತಾಲ್ಲೂಕು ಕಾಗದದಲ್ಲಿ ನಿರ್ಮಲವಾಗಿಯೇ ಉಳಿಯುತ್ತದೆ.

ಕಾವಲು ಸಮೀಕ್ಷೆಯ ಅಂಕಿಯನ್ನಾದರೂ ನಿಶ್ಚಿಂತೆಯಿಂದ ನಂಬಬಹುದೇ ಎಂದರೆ, ಅದಕ್ಕೂ ಮಿತಿಯಿದೆ. ೪೦೦ ಮಂದಿ ಗರ್ಭಿಣಿಯರಲ್ಲಿ ಒಬ್ಬಳಿಗೆ ಸೋಂಕಿದ್ದರೆ ಪ್ರಮಾಣವು ನೂರಕ್ಕೆ ೦.೨೫, ಇಬ್ಬರಿಗಿದ್ದರೆ ೦.೫. ಒಬ್ಬ ಹೆಣ್ಣುಮಗಳು ಆ ದಿನ ಬಂದಳೋ ಬರಲಿಲ್ಲವೋ ಎಂಬುದರ ಮೇಲೆ ರೋಗವು ‘ಇಮ್ಮಡಿಸಿತು’ ಎಂದೋ ‘ಅರ್ಧಕ್ಕಿಳಿಯಿತು’ ಎಂದೋ ಬರೆಯಬೇಕಾಗುತ್ತದೆ. ೨೦೧೧ರ ಜನಗಣತಿಯಂತೆ ಸುಮಾರು ೨೬.೮ ಲಕ್ಷ ಜನರಿದ್ದ ಜಿಲ್ಲೆಯ ಸ್ಥಿತಿಯನ್ನು ಇಂಥ ಕೆಲವು ನೂರು ಮಂದಿಯಿಂದ ಅಳೆದು, ಆ ಅಳತೆಯನ್ನು ಮತ್ತೆ ತಾಲ್ಲೂಕು ತಾಲ್ಲೂಕಿಗೆ ಹಂಚಿ ಹೆಸರಿಡುವುದು ಸಾಹಸವೇ ಸರಿ. ಬಲ್ಲವರು ಒಂದು ವರ್ಷದ ಅಂಕಿಯನ್ನು ನೋಡುವುದಿಲ್ಲ. ಹಲವು ವರ್ಷಗಳ ಓಟವನ್ನು ನೋಡುತ್ತಾರೆ. ಹದಿನೈದರಿಂದ ಇಪ್ಪತ್ತನಾಲ್ಕು ವಯಸ್ಸಿನ ಗರ್ಭಿಣಿಯರಲ್ಲಿ ಪ್ರಮಾಣವೇನೆಂದು ನೋಡುತ್ತಾರೆ. ಏಕೆಂದರೆ ಎಳೆಯರಲ್ಲಿ ಕಂಡ ಸೋಂಕು ಹೊಸದಾಗಿರುವ ಸಂಭವವೇ ಹೆಚ್ಚು.

ಲೆಕ್ಕವು ಎಷ್ಟರಮಟ್ಟಿಗೆ ಎಣಿಸುವ ಕ್ರಮದ ಕೂಸೆಂಬುದಕ್ಕೆ ದೇಶದ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ. ಭಾರತದಲ್ಲಿ ಸುಮಾರು ೫೨ ಲಕ್ಷ ಜನರಿಗೆ ಸೋಂಕಿದೆಯೆಂದು ೨೦೦೫ರ ಅಂದಾಜು ಹೇಳಿತ್ತು. ಕಾವಲು ಕೇಂದ್ರಗಳು ಹೆಚ್ಚಿ, ಮನೆಮನೆಯ ಸಮೀಕ್ಷೆಯ ಫಲವೂ ದೊರೆತ ಮೇಲೆ ೨೦೦೭ರಲ್ಲಿ ಆ ಸಂಖ್ಯೆಯನ್ನು ಸುಮಾರು ೨೫ ಲಕ್ಷಕ್ಕೆ ಇಳಿಸಿದರು. ಒಂದೇ ದಿನದಲ್ಲಿ ಅರ್ಧದಷ್ಟು ಜನ ಗುಣಹೊಂದಲಿಲ್ಲ, ಸಾಯಲೂ ಇಲ್ಲ. ಎಣಿಕೆ ತಿದ್ದಿತು, ಅಷ್ಟೆ. ೨೦೨೧ರ ಅಂದಾಜು ಸುಮಾರು ೨೪ ಲಕ್ಷ. ಈ ಎರಡು ಸಂಖ್ಯೆಗಳನ್ನು ಮಾತ್ರ ನೋಡಿದವನು ‘ಹದಿನೈದು ವರ್ಷಗಳಲ್ಲಿ ಏನೂ ಆಗಲಿಲ್ಲ’ ಎನ್ನುವನು. ಇದೂ ತಪ್ಪು. ಹಿಂದೆ ಸೋಂಕು ತಗುಲಿದವರು ಬೇಗನೆ ಸತ್ತು ಲೆಕ್ಕದಿಂದ ಹೊರಬೀಳುತ್ತಿದ್ದರು. ಈಗ ಔಷಧದಿಂದ ಬಹುಕಾಲ ಬದುಕಿ ಲೆಕ್ಕದಲ್ಲಿ ಉಳಿಯುತ್ತಾರೆ. ರೋಗಿಗಳ ಸಂಖ್ಯೆ ಕುಗ್ಗಿತೆಂದು ಹಿಗ್ಗುವವನು ಅದು ಸಾವಿನಿಂದ ಕುಗ್ಗಿತೋ ರಕ್ಷಣೆಯಿಂದ ಕುಗ್ಗಿತೋ ಎಂದು ಕೇಳಬೇಕು. ಬದುಕಿರುವ ರೋಗಿಯಿಂದ ಹೆಚ್ಚಿದ ಅಂಕಿಯು ಲೋಕಕ್ಕೆ ಕಲಂಕವಲ್ಲ, ಭೂಷಣ.

ಇಲ್ಲಿ ಒಂದು ಬಲವಾದ ಪೂರ್ವಪಕ್ಷವುಂಟು. ‘ಅಂಕಿಗಳು ಇಷ್ಟು ಸಂದಿಗ್ಧವಾದರೆ, ಅವುಗಳಿಂದ ಜನರಿಗೆ ಅಪಮಾನವಾಗುವ ಭಯವೂ ಇದ್ದರೆ, ಎಣಿಸುವುದನ್ನೇ ಬಿಡಬಾರದೇಕೆ? ಅದರಲ್ಲಿಯೂ ಕಾವಲು ಸಮೀಕ್ಷೆಯಲ್ಲಿ ಬೇರೆ ಪರೀಕ್ಷೆಗೆಂದು ತೆಗೆದ ರಕ್ತದ ಉಳಿಕೆಯಿಂದ ಹೆಸರನ್ನು ಅಳಿಸಿ ಪರೀಕ್ಷಿಸುವ ಪದ್ಧತಿ ಬಹುಕಾಲ ನಡೆಯಿತು. ಸೋಂಕಿದ್ದ ತಾಯಿಗೆ ಆ ಸುದ್ದಿಯನ್ನು ತಿಳಿಸಲು ದಾರಿಯೇ ಇರಲಿಲ್ಲ. ನೀರಿನಲ್ಲಿ ಮುಳುಗುವವರನ್ನು ದಡದಲ್ಲಿ ನಿಂತು ಎಣಿಸಿದಂತೆ ಇದಾಗಲಿಲ್ಲವೆ?’

ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಬಾರದು. ಹೆಸರನ್ನು ಅಳಿಸಿದ್ದು ಕ್ರೌರ್ಯದಿಂದಲ್ಲ. ಗುಟ್ಟು ಹೊರಬಿದ್ದು ಆ ಹೆಣ್ಣುಮಗಳು ಮನೆಯಿಂದ ಹೊರದೂಡಲ್ಪಡಬಾರದೆಂಬ ಎಚ್ಚರದಿಂದ. ತನ್ನ ಸ್ಥಿತಿಯನ್ನು ತಿಳಿಯಬಯಸುವವಳಿಗೆ ಬೇರೆಯಾಗಿ, ಅವಳ ಒಪ್ಪಿಗೆಯಿಂದ ಪರೀಕ್ಷೆ ಮಾಡುವ ಏರ್ಪಾಡು ಬೆಳೆದುಬಂದಿತು. ಆದರೂ ಮದ್ದು ದೊರೆತ ಕಾಲದಲ್ಲಿ ತಿಳಿಸದ ತಿಳಿವು ನಿಜವಾಗಿಯೂ ಭಾರವಾದದ್ದೇ. ಚಿಕಿತ್ಸೆಯಿಲ್ಲದಿದ್ದರೆ ಸೋಂಕಿತ ತಾಯಂದಿರು ಹೆತ್ತ ನೂರು ಮಕ್ಕಳಲ್ಲಿ ಹದಿನೈದರಿಂದ ನಲವತ್ತೈದರವರೆಗೆ ಸೋಂಕಿಗೆ ಗುರಿಯಾಗಬಹುದು. ಸಕಾಲದಲ್ಲಿ ಔಷಧ ದೊರೆತರೆ ಐದಕ್ಕಿಂತ ಕಡಮೆ. ಈ ಅಂತರದಲ್ಲಿರುವುದು ಸಂಖ್ಯೆಯಲ್ಲ, ಶಿಶುಗಳು. ಆದ್ದರಿಂದಲೇ ಅನೇಕ ದೇಶಗಳು ಕ್ರಮೇಣ ಹೆಸರಿಲ್ಲದ ಪರೀಕ್ಷೆಯನ್ನು ಬಿಟ್ಟು, ಪ್ರತಿಯೊಬ್ಬ ಗರ್ಭಿಣಿಗೂ ಫಲವನ್ನು ತಿಳಿಸುವ ಪರೀಕ್ಷೆಯನ್ನೇ ಲೆಕ್ಕಕ್ಕೂ ಆಧಾರ ಮಾಡಿಕೊಂಡವು. ಮೊದಲು ಲೆಕ್ಕಕ್ಕಾಗಿ ಪರೀಕ್ಷೆ ನಡೆಯಿತು. ಆಮೇಲೆ ರಕ್ಷಣೆಗಾಗಿ ನಡೆದ ಪರೀಕ್ಷೆಯಿಂದ ಲೆಕ್ಕವು ತಾನಾಗಿ ದೊರೆಯಿತು. ಈ ಕ್ರಮವೇ ಧರ್ಮಸಮ್ಮತ.

ಎಣಿಸುವುದನ್ನೇ ಬಿಡುವುದಾದರೋ ಇನ್ನೂ ದೊಡ್ಡ ಅನ್ಯಾಯ. ಲೆಕ್ಕವಿಲ್ಲದಲ್ಲಿ ಮದ್ದು ಬರುವುದಿಲ್ಲ, ಸಮಾಲೋಚಕರು ಬರುವುದಿಲ್ಲ. ದೂರದ ಪಾವಗಡದ ರೋಗಿಯು ಔಷಧಕ್ಕಾಗಿ ಒಂದು ದಿನದ ಕೂಲಿಯನ್ನು ಕಳೆದುಕೊಂಡು ಬಸ್ಸು ಹತ್ತಬೇಕಾದರೆ, ಹತ್ತಿರದಲ್ಲಿಯೇ ಔಷಧ ದೊರೆಯಬೇಕೆಂದು ವಾದಿಸಲು ಅಂಕಿಯೇ ಆಧಾರ. ಎಣಿಕೆಗೆ ಸಿಗದ ಬಡವನು ಅಧಿಕಾರಿಯ ಕಣ್ಣಿಗೆ ಇಲ್ಲದವನೇ ಆಗುತ್ತಾನೆ. ಪರಂಪರೆಯು ಹೇಳುವಂತೆ ಬಸವಣ್ಣನವರು ಮಂಗಳವಾಡದಲ್ಲಿ ಬಿಜ್ಜಳನ ಕರಣಿಕರಾಗಿ ಲೆಕ್ಕ ಬರೆದವರು, ಅನಂತರ ಭಂಡಾರವನ್ನು ನೋಡಿಕೊಂಡವರು. ಲೆಕ್ಕವನ್ನು ಹೀನವೆಂದು ಅವರು ಬಿಡಲಿಲ್ಲ. ದಾಸೋಹಕ್ಕೆ ಅದನ್ನು ಸಾಧನವನ್ನಾಗಿ ಮಾಡಿಕೊಂಡರು. ಇಷ್ಟು ಧಾನ್ಯವಿದೆಯೆಂಬ ಅರಿವಿಲ್ಲದೆ ಇಷ್ಟು ಮಂದಿಗೆ ಬಡಿಸುವುದು ಹೇಗೆ? ಲೆಕ್ಕವು ಕಾಯಕವಾಗಬೇಕು, ತೀರ್ಪಾಗಬಾರದು.

ಹಾಗಾದರೆ ಲೆಕ್ಕವು ಸತ್ಯವಾಗುವುದು ಹೇಗೆ? ಇಲ್ಲಿಯೇ ಈ ವಿಚಾರದ ಸಾರವಿದೆ. ತೂಕದ ಕಲ್ಲು ಸುಳ್ಳಾದರೆ ಅದು ವರ್ತಕನ ದೋಷ. ಆದರೆ ಈ ರೋಗದ ಲೆಕ್ಕದಲ್ಲಿ ತೂಕದ ಕಲ್ಲು ಸಮಾಜದ ಕೈಯಲ್ಲಿಯೇ ಇದೆ. ಸೋಂಕಿತನನ್ನು ಬಾವಿಯ ಬಳಿ ತಡೆಯುವ ಊರಿನಲ್ಲಿ ಯಾರು ಪರೀಕ್ಷೆಗೆ ಹೋದಾರು? ಗಂಡ ಸತ್ತ ವಿಧವೆಯನ್ನು ಅವನಿಂದಲೇ ಬಂದ ಸೋಂಕಿಗಾಗಿ ದೂಷಿಸುವ ಮನೆಯಲ್ಲಿ ಯಾವ ಹೆಣ್ಣು ಬಾಯಿ ಬಿಟ್ಟಾಳು? ಅಂಥಲ್ಲಿ ಅಂಕಿಯು ಸೊನ್ನೆಗೆ ಸಮೀಪಿಸುತ್ತದೆ. ಊರು ತನ್ನನ್ನು ಶುದ್ಧವೆಂದು ಹೊಗಳಿಕೊಳ್ಳುತ್ತದೆ. ಒಳಗೆ ಕಾದ ಕಬ್ಬಿಣವು ಸುಡುತ್ತಲೇ ಇರುತ್ತದೆ. ನಿರ್ದಯೆಯ ಊರು ರೋಗವನ್ನು ಕಡಮೆ ಮಾಡುವುದಿಲ್ಲ. ಲೆಕ್ಕವನ್ನು ಮಾತ್ರ ಸುಳ್ಳು ಮಾಡುತ್ತದೆ. ದಯೆಯು ಹೃದಯದ ಮಾರ್ದವ ಮಾತ್ರವೆಂದು ತಿಳಿಯುವವರು ಇದನ್ನು ಗಮನಿಸಬೇಕು. ದಯೆಯಿಲ್ಲದಲ್ಲಿ ಗಣಿತವೂ ಸತ್ಯವನ್ನು ನುಡಿಯಲಾರದು.

‘ದುರ್ನಡತೆಗೆ ದಯೆ ತೋರಿದರೆ ನೀತಿ ಉಳಿಯುವುದೇ?’ ಎಂದು ಕೆಲವರು ಕೇಳುವರು. ವೈರಾಣುವು ನೀತಿಯನ್ನು ನೋಡಿ ಬರುವುದಿಲ್ಲ. ಹುಟ್ಟಿದ ಶಿಶುವಿನ ದುರ್ನಡತೆ ಯಾವುದು? ಪತಿವ್ರತೆಯ ದುರ್ನಡತೆ ಯಾವುದು? ನಿಜವಾಗಿ ತಪ್ಪಿದವನಾದರೂ ಔಷಧಕ್ಕೆ ಅನರ್ಹನೆಂದು ಯಾವ ಶಾಸ್ತ್ರ ಹೇಳುತ್ತದೆ? ಔಷಧವನ್ನು ತಪ್ಪದೆ ಸೇವಿಸಿ ರಕ್ತದಲ್ಲಿ ವೈರಾಣು ಪರೀಕ್ಷೆಗೆ ಕಾಣದಷ್ಟು ಕುಗ್ಗಿದವರಿಂದ ಸಂಗಾತಿಗೆ ಸಂಭೋಗದ ಮೂಲಕ ಸೋಂಕು ಹರಡುವುದಿಲ್ಲವೆಂದು ಇಂದಿನ ವೈದ್ಯಶಾಸ್ತ್ರವು ಸಿದ್ಧಪಡಿಸಿದೆ. ಹೀಗಿರುವಲ್ಲಿ ರೋಗಿಯನ್ನು ಔಷಧದ ಬಳಿಗೆ ಕರೆದೊಯ್ಯುವವನು ನೀತಿಯನ್ನೂ ಊರನ್ನೂ ಕಾಪಾಡುತ್ತಾನೆ. ಅಟ್ಟುವವನು ಎರಡನ್ನೂ ಕೆಡಿಸುತ್ತಾನೆ.

ಹನ್ನೆರಡನೆಯ ಶತಮಾನದ ಶರಣೆಯರ ಪಂಕ್ತಿಯಲ್ಲಿ ಸೂಳೆ ಸಂಕವ್ವೆಯೆಂಬವಳೂ ಇದ್ದಾಳೆ. ಅವಳದೆಂದು ಇಂದು ದೊರೆತಿರುವುದು ಒಂದೇ ವಚನ. ಅದರ ಅಂಕಿತ ನಿರ್ಲಜ್ಜೇಶ್ವರ. ಅವಳ ವೃತ್ತಿಯನ್ನು ಹೆಸರಿನಿಂದ ಅಳಿಸದೆ, ಅವಳನ್ನು ಪಂಕ್ತಿಯಿಂದಲೂ ಅಳಿಸದೆ ಪರಂಪರೆಯು ಉಳಿಸಿಕೊಂಡು ಬಂದಿದೆ. ಲಜ್ಜೆಯ ಭಾರದಿಂದ ಯಾರೂ ಪಂಕ್ತಿಯ ಹೊರಗೆ ನಿಲ್ಲಬೇಕಾಗಿಲ್ಲವೆಂಬುದಕ್ಕೆ ಈ ಒಂದು ಹೆಸರೇ ಸಾಕ್ಷಿ.

ಈಗ ಕಾನೂನೂ ಈ ಧರ್ಮಕ್ಕೆ ಬೆಂಬಲವಾಗಿ ನಿಂತಿದೆ. ೨೦೧೭ರಲ್ಲಿ ಅಂಗೀಕೃತವಾಗಿ ೨೦೧೮ರ ಸೆಪ್ಟೆಂಬರ್ ೧೦ರಿಂದ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮವು, ಸೋಂಕಿತರನ್ನು ಉದ್ಯೋಗದಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಭೇದದಿಂದ ಕಾಣುವುದನ್ನು ನಿಷೇಧಿಸುತ್ತದೆ. ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ ಗುಟ್ಟನ್ನು ಹೊರಗೆಡಹುವುದನ್ನೂ ತಡೆಯುತ್ತದೆ. ಸಂಖ್ಯೆಯು ಎಲ್ಲರಿಗೂ ತಿಳಿಯಲಿ, ಹೆಸರು ಯಾರಿಗೂ ತಿಳಿಯದಿರಲಿ ಎಂಬುದು ಅದರ ಭಾವ. ಆದರೆ ಕಾನೂನಿನ ಕೈ ಕಚೇರಿಯವರೆಗೆ ಚಾಚುತ್ತದೆ. ಅಡುಗೆಮನೆಯವರೆಗೆ ಚಾಚುವುದು ಕಷ್ಟ. ಅಲ್ಲಿಗೆ ಹೋಗಬೇಕಾದದ್ದು ಮನುಷ್ಯನ ಅಂತಃಕರಣ.

ಆದುದರಿಂದ ಮಧುಗಿರಿಯವನು ಶಿರಾದ ಅಂಕಿಯನ್ನು ನೋಡಿ ಹೀನಾಯವಾಗಿ ನಗಬಾರದು. ಕೊರಟಗೆರೆಯವನು ತನ್ನೂರಿನ ಅಂಕಿ ಚಿಕ್ಕದೆಂದು ಹಿಗ್ಗಬಾರದು. ಪಾವಗಡದವನು ತನ್ನ ಅಂಕಿಯನ್ನು ಮುಚ್ಚಿಡಬಾರದು. ಅಂಕಿಯನ್ನು ಓದುವ ಪ್ರತಿಯೊಬ್ಬನೂ ಜಾತ್ರೆಯ ಗಾಡಿಯ ತಾಯಿಯಂತೆ ‘ಯಾರು ಹಿಂದುಳಿದರು?’ ಎಂದು ಮಾತ್ರ ಕೇಳಬೇಕು. ಆ ಪ್ರಶ್ನೆಯು ಹುಟ್ಟಿದ ಊರಿನಲ್ಲಿ ಜನರು ಹೆದರದೆ ಪರೀಕ್ಷೆಗೆ ಬರುತ್ತಾರೆ, ಬಂದವರಿಗೆ ಮದ್ದು ದೊರೆಯುತ್ತದೆ, ಹುಟ್ಟುವ ಶಿಶು ನಿರೋಗಿಯಾಗುತ್ತದೆ, ಲೆಕ್ಕವೂ ನಿಜವಾಗುತ್ತದೆ.