ಸಾಲ ಯಾರದು?

ನಮ್ಮ ತಾತ ಜೀತಗಾರ. ಮದುವೆಗೆ ತಂದ ಸಾಲಕ್ಕೆ ಒಡೆಯರ ಮನೆ ದನ ಕಾದ, ಸಗಣಿ ಬಾಚಿದ, ಹೊಲ ಉತ್ತ. ದುಡಿದಷ್ಟೂ ಸಾಲ ಬೆಳೀತು. ಲೆಕ್ಕದ ಪುಸ್ತಕ ಒಡೆಯರದು, ಹೆಬ್ಬೆಟ್ಟು ತಾತನದು. ಆ ಹೆಬ್ಬೆಟ್ಟಿನ ಮೊಮ್ಮಗ ನಾನು ಇವತ್ತು ಕಾಲೇಜಿನಲ್ಲಿ ಆಧುನಿಕ ಜಗತ್ತಿನ ಇತಿಹಾಸದ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ವಿಷಯ: ಗುಲಾಮಗಿರಿಯ ರದ್ದತಿ ಮತ್ತು ಬಡ ದೇಶಗಳ ಸಾಲ.

1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದು ಮಾಡುವ ಕಾಯಿದೆ ತಂದಿತು. 2 ಕೋಟಿ ಪೌಂಡು ಪರಿಹಾರ ಗೊತ್ತು ಮಾಡಿತು. ಯಾರಿಗೆ? ಚಾಟಿ ಏಟು ತಿಂದವರಿಗಲ್ಲ, ಚಾಟಿ ಹಿಡಿದವರಿಗೆ. ಬಿಡುಗಡೆಯಾದವರಲ್ಲಿ ಹೆಚ್ಚಿನವರು ‘ಕಲಿಕೆ’ಯ ಹೆಸರಲ್ಲಿ 1838ರವರೆಗೂ ಹಳೇ ಒಡೆಯರಿಗೇ ಬಿಟ್ಟಿ ದುಡಿದರು. ಆ ಪರಿಹಾರಕ್ಕೆಂದು ಸರ್ಕಾರ ಎತ್ತಿದ ಸಾಲದ ಬಾಕಿ ತೀರಿದ್ದು 2015ರಲ್ಲಿ!

ಹೈಟಿಯದು ಇನ್ನೊಂದು ಕತೆ. ಅಲ್ಲಿನ ಸಕ್ಕರೆ ತೋಟಗಳ ಗುಲಾಮರು 1791ರಲ್ಲಿ ಬಂಡೆದ್ದರು. 1804ರಲ್ಲಿ ಸ್ವತಂತ್ರ ದೇಶ ಕಟ್ಟಿದರು. 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೇ ಚಾರ್ಲ್ಸ್ ಯುದ್ಧನೌಕೆ ಕಳಿಸಿ, ಸ್ವಾತಂತ್ರ್ಯ ಒಪ್ಪಬೇಕಾದರೆ 15 ಕೋಟಿ ಫ್ರಾಂಕ್ ಕೊಡಿ ಎಂದ. ಮೊದಲ ಕಂತಿಗೆ ಪ್ಯಾರಿಸ್ಸಿನಲ್ಲೇ ಸಾಲ ಎತ್ತಬೇಕಾಯಿತು. 1838ರಲ್ಲಿ ಮೊತ್ತ 9 ಕೋಟಿಗೆ ಇಳಿಯಿತು. ಆದರೂ ಸಾಲದ ಬಾಲಕ್ಕೆ ಸಾಲ ಸೇರಿ 20ನೇ ಶತಮಾನದವರೆಗೂ ಎಳೆಯಿತು. 2003ರಲ್ಲಿ ಹೈಟಿಯ ಅಧ್ಯಕ್ಷ ಅರಿಸ್ಟೀಡ್ ಆ ಹಣ ವಾಪಸು ಕೇಳಿದರು. ಹಣ ಬರಲಿಲ್ಲ. 2025ರಲ್ಲಿ ಫ್ರಾನ್ಸ್ ಘೋಷಿಸಿದ್ದು ಇತಿಹಾಸಕಾರರ ಒಂದು ಜಂಟಿ ಸಮಿತಿಯನ್ನು.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. “ಅಲ್ಲ ಕಣ್ ಮಗ, ಮೈ ಸವೆಸ್ದೋರೇ ದಂಡಾನೂ ಕಟ್ಬೇಕಾ?” ಅಂದಳು. ನನ್ನ ಸಂಶೋಧನೆಯ ಪ್ರಶ್ನೆ ಇಷ್ಟೇ.

ಗೈಡು ಹೇಳಿದರು: “ಭಾವುಕನಾಗಬೇಡ, ವಸ್ತುನಿಷ್ಠನಾಗಿ ಬರಿ.” ಇಸವಿ, ಅಂಕಿ ತಪ್ಪಬಾರದು ಎನ್ನುವುದಾದರೆ ಒಪ್ಪಿದೆ. ಸುಳ್ಳು ಲೆಕ್ಕದಿಂದ ಹಾಳಾದ ಮನೆಯವನು ನಾನು. ನಾನೇ ಸುಳ್ಳು ಲೆಕ್ಕ ಬರೆಯಲಾರೆ. ಆದರೆ ಹೊಡೆದವನ ಮುಂದೆ, ಹೊಡೆಸಿಕೊಂಡವನ ಮುಂದೆ ಒಂದೇ ಮುಖ ಇಟ್ಟುಕೊಂಡು ಸುಮ್ಮನಿರು ಎಂದರೆ ಒಪ್ಪಲಾರೆ. ಬ್ರಿಟನ್ನಿನ ಪರಿಹಾರದ ಕಡತಗಳಲ್ಲಿ ಒಡೆಯರಿಗೆ ಹೆಸರಿದೆ, ವಿಳಾಸವಿದೆ. ಗುಲಾಮರು ಬರೀ ಸಂಖ್ಯೆ. ಕಡತವೇ ಪಕ್ಷ ಕಟ್ಟಿ ಕೂತಿರುವಾಗ, ಅದನ್ನು ಪ್ರಶ್ನಿಸದೆ ನಕಲು ಮಾಡುವವನೂ ಆ ಪಕ್ಷದವನೇ.

ನನಗೂ ಒಂದು ಎಚ್ಚರ ಬೇಕು. ಹೈಟಿ ನಮ್ಮ ಕೇರಿಯಲ್ಲ. ಅವರನ್ನು ಹಡಗಿಗೆ ತುಂಬಿ ತಂದು ಮಾರಿದರು. ನಮ್ಮನ್ನು ಹುಟ್ಟಿದೂರಲ್ಲೇ ಊರಾಚೆ ಇಟ್ಟರು. ಎರಡೂ ಒಂದೇ ಎಂದುಬಿಟ್ಟರೆ ಅವರ ನೋವನ್ನು ಕದ್ದಂತೆ. ಎರಡೂ ಕಡೆ ಒಂದೇ ಆಗಿರುವುದು ಆ ಲೆಕ್ಕದ ಪುಸ್ತಕ.

ನಮ್ಮಲ್ಲಿ 1976ರ ಜೀತ ರದ್ದತಿ ಕಾಯಿದೆ, ಜೀತದ ಸಾಲವನ್ನು ಯಾರೂ ತೀರಿಸಬೇಕಾಗಿಲ್ಲ ಎಂದಿತು. ಹಳ್ಳಿಗಳಲ್ಲಿ ಅದನ್ನು ಪಾಲಿಸಿದ ರೀತಿ ನಮಗೆ ಗೊತ್ತಿರುವುದೇ. ಆದರೂ ಅದರೊಳಗೊಂದು ನ್ಯಾಯವಿದೆ: ಮನುಷ್ಯನನ್ನೇ ಅಡವಿಟ್ಟುಕೊಂಡ ಸಾಲ ಸಾಲವಲ್ಲ. ಒಬ್ಬ ಜೀತಗಾರನಿಗೆ ಸಲ್ಲುವ ನ್ಯಾಯ ಒಂದು ದೇಶಕ್ಕೆ ಯಾಕೆ ಸಲ್ಲಬಾರದು?

ಗೆಳೆಯರೆ, ಹಳ್ಳಿಯ ಮೇಷ್ಟರೆ, ‘ಗುಲಾಮಗಿರಿ ರದ್ದಾಯಿತು’ ಎಂದು ಪಾಠ ಹೇಳಿ ಮುಂದಕ್ಕೆ ಹೋಗಬೇಡಿ. ಪರಿಹಾರ ಯಾರಿಗೆ ಸಿಕ್ಕಿತು ಅಂತ ಮಕ್ಕಳು ಕೇಳಲಿ. ನನ್ನ ಪ್ರಬಂಧಕ್ಕೆ ಎಷ್ಟು ಅಂಕ ಬೀಳುತ್ತೋ ಗೊತ್ತಿಲ್ಲ. ಅಜ್ಜಿ ಕೇಳಿದ್ದಕ್ಕೆ ಅದರಲ್ಲಿ ಉತ್ತರವಿಲ್ಲದಿದ್ದರೆ ಬಂದ ಅಂಕವೂ ಒಂದು ಸಾಲವೇ.