ಕಾಣದ್ದೆಲ್ಲ ಇಲ್ಲವೇ?

ಕನ್ನಡದಲ್ಲಿ ‘ಅಲ್ಲ’ ಬೇರೆ, ‘ಇಲ್ಲ’ ಬೇರೆ. ‘ಇದು ಹಾವಲ್ಲ’ ಎಂದಾಗ ಎದುರಿನ ವಸ್ತುವಿನ ಗುರುತನ್ನು ನಿರಾಕರಿಸುತ್ತೇವೆ. ‘ಇಲ್ಲಿ ಹಾವಿಲ್ಲ’ ಎಂದಾಗ ಅದರ ಇರವನ್ನೇ ನಿರಾಕರಿಸುತ್ತೇವೆ. ಮೂರನೆಯದೊಂದು ಮಾತಿದೆ: ‘ಕಾಣುತ್ತಿಲ್ಲ’. ಅದು ಹೇಳುವುದು ನೋಡುವವರ ಸ್ಥಿತಿಯನ್ನು ಮಾತ್ರ. ಆದರೂ ದಿನಬಳಕೆಯಲ್ಲಿ ‘ಕಾಣುತ್ತಿಲ್ಲ’ ಎಂಬುದು ‘ಇಲ್ಲ’ ಆಗಿಬಿಡಲು ಕ್ಷಣವೂ ಬೇಕಿಲ್ಲ.

ಈ ಜಾರಿಕೆಯ ಬಗ್ಗೆ ನಾನು ಯೋಚಿಸತೊಡಗಿದ್ದು ಹಾರ್ಡ್ ಡಿಸ್ಕನ್ನು ಗುರುತಿಸದೇ ಹೋದ ಕಂಪ್ಯೂಟರಿನಿಂದ. ಸಂಶೋಧನೆಗಾಗಿ ಹರಿಹರದಲ್ಲಿ ತೆಗೆದ ಶಾಸನಗಳ ಫೋಟೋಗಳು ಅದರಲ್ಲಿದ್ದವು. ಬಯಾಸ್ ಪಟ್ಟಿಯಲ್ಲಿ ಡಿಸ್ಕಿನ ಹೆಸರೇ ಇರಲಿಲ್ಲ. ದಾವಣಗೆರೆಯ ರಿಪೇರಿ ಅಂಗಡಿಯಲ್ಲಿ “ಡಿಸ್ಕ್ ಹೋಗೇತೇನಣ್ಣ?” ಎಂದು ಕೇಳಿದೆ. “ಈಗ್ಲೇ ಹೆಂಗ್ ಹೇಳೋದು ಸರ್, ಇನ್ನೂ ಕೇಬಲ್ಲೇ ನೋಡಿಲ್ಲ” ಅಂದರು.

ಆಮೇಲೆ ಅವರು ಮಾಡಿದ ಕೆಲಸಕ್ಕೆ ಒಂದು ಕ್ರಮವಿತ್ತು. ಡಿಸ್ಕಿಗೆ ಎರಡು ಸಂಪರ್ಕಗಳಿರುತ್ತವೆ: ಒಂದು ಕರೆಂಟಿಗೆ, ಇನ್ನೊಂದು ಮಾಹಿತಿಗೆ. ಮೊದಲು ಡಿಸ್ಕಿನ ಮೇಲೆ ಕೈಯಿಟ್ಟು ಅದು ತಿರುಗುತ್ತಿದೆಯೇ ಎಂದು ನೋಡಿದರು. ತಿರುಗುತ್ತಿತ್ತು. ‘ಟಕ್ ಟಕ್’ ಸದ್ದು ಬಂದಿದ್ದರೆ ತಕ್ಷಣ ಕರೆಂಟು ತೆಗೆಯಬೇಕಿತ್ತಂತೆ. ಅಂಥ ಡಿಸ್ಕನ್ನು ಮತ್ತೆ ಮತ್ತೆ ಆನ್ ಮಾಡಿದರೆ ಉಳಿದದ್ದೂ ಹಾಳಾಗುತ್ತದೆ. ಸದ್ದಿರಲಿಲ್ಲ. ಸಾಟಾ ಕೇಬಲ್ ಬಿಚ್ಚಿ ಮತ್ತೆ ಹಾಕಿದರು, ಪೋರ್ಟ್ ಬದಲಿಸಿದರು, ಕೊನೆಗೆ ಕೇಬಲ್ಲನ್ನೇ ಬದಲಿಸಿದರು. ಪಟ್ಟಿಯಲ್ಲಿ ಹೆಸರು ಬಂತು. ಕಂಪ್ಯೂಟರ್ ‘ಇಲ್ಲ’ ಎಂದಷ್ಟು ಹೊತ್ತೂ ಡಿಸ್ಕ್ ಅಲ್ಲೇ ತಿರುಗುತ್ತಿತ್ತು.

ನಮ್ಮ ದಾರ್ಶನಿಕರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಇಲ್ಲದಿರುವುದನ್ನು ನಾವು ತಿಳಿಯುವುದು ಹೇಗೆ? ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರು ಮತ್ತು ಅದ್ವೈತಿಗಳು ‘ಅನುಪಲಬ್ಧಿ’ಯನ್ನು, ಅಂದರೆ ಕಾಣದಿರುವಿಕೆಯನ್ನು, ಪ್ರತ್ಯೇಕ ಪ್ರಮಾಣವೆಂದೇ ಒಪ್ಪಿದರು. ನೈಯಾಯಿಕರು ಒಪ್ಪಲಿಲ್ಲ, ಅಭಾವವೂ ಪ್ರತ್ಯಕ್ಷದಿಂದಲೇ ತಿಳಿಯುತ್ತದೆ ಎಂದರು. ಆದರೆ ಅನುಪಲಬ್ಧಿಯನ್ನು ಒಪ್ಪಿದವರು ಅದಕ್ಕೊಂದು ಷರತ್ತು ಹಾಕಿದರು: ಅದು ‘ಯೋಗ್ಯ’ ಅನುಪಲಬ್ಧಿಯಾಗಿರಬೇಕು. ಬೆಳಕಿರುವ ಕೋಣೆಯಲ್ಲಿ, ಕಣ್ಣು ಸರಿಯಿರುವವನಿಗೆ ಮಡಕೆ ಕಾಣದಿದ್ದರೆ ಮಡಕೆಯಿಲ್ಲ. ಕತ್ತಲೆ ಕೋಣೆಯಲ್ಲಿ ಕಾಣದಿದ್ದರೆ ಏನೂ ಸಾಬೀತಾಗುವುದಿಲ್ಲ. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಯೂ ಬೇರೆ ದಾರಿಯಿಂದ ಬಂದು ಇದನ್ನೇ ಹೇಳಿದ: ಕಾಣಬಹುದಾದದ್ದು ಕಾಣದಿದ್ದಾಗ ಮಾತ್ರ ಇಲ್ಲವೆನ್ನಬಹುದು.

ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ. ಅಲ್ಲಿನ ಶಾಸನಗಳ ಮುಂದೆ ದಿನವೂ ಜನ ಹಾದುಹೋಗುತ್ತಾರೆ. ಹಳಗನ್ನಡ ಲಿಪಿ ಬಾರದವರಿಗೆ ಅದು ಗೀರುಬಿದ್ದ ಕಲ್ಲು. ಕಲ್ಲು ಮಾತಾಡುತ್ತಿಲ್ಲ ಎನ್ನುವ ಮೊದಲು ನಮಗೆ ಓದು ಬರುತ್ತದೆಯೇ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಕಲ್ಲು ಕಾಯುತ್ತದೆ, ಡಿಸ್ಕೂ ಕಾಯುತ್ತದೆ. ಮನುಷ್ಯರು ಹಾಗೆ ಕಾಯಲಾರರು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಹೊಂದದ ಮುದುಕಿಯನ್ನು ನೆನೆಯಿರಿ. ಗಾರೆ, ಕಳೆ, ಪಾತ್ರೆ ಎಂದು ದುಡಿದು ಸವೆದ ಬೆರಳದು. ಯಂತ್ರ ಹೇಳಿದ್ದು ‘ನನಗೆ ಗುರುತು ಸಿಗುತ್ತಿಲ್ಲ’ ಎಂದಷ್ಟೇ. ಕೌಂಟರಿನ ಆಚೆಯಿಂದ ಬರುವಾಗ ಅದು ‘ನಿಮ್ಮ ಹೆಸರಿಲ್ಲ’ ಎಂದಾಗಿರುತ್ತದೆ. ಆಮೇಲೆ ‘ಹೊಸದಾಗಿ ಅರ್ಜಿ ಹಾಕಿ’ ಎಂಬ ಸಲಹೆ. ಓದಲಾಗದ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳುವುದೂ ಹೀಗೆಯೇ: ನನಗೆ ಓದಲಾಗದ್ದರಿಂದ ನೀನು ಅಳಿಸಿಕೊ. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಭಿನ್ನಮತ ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಮನುಷ್ಯರ ಘನತೆ ಮತ್ತು ಹಕ್ಕುಗಳು ಅಲ್ಗಾರಿದಮ್ಮುಗಳ ಸಂಭಾವ್ಯತೆಯನ್ನು ಅವಲಂಬಿಸಬಾರದು ಎಂಬ ನಿಲುವು ತಳೆದಿದ್ದರು.

ಹಾಗಾದರೆ ‘ಇಲ್ಲ’ ಎಂದು ಎಂದಿಗೂ ಹೇಳಬಾರದೇ? ಹಾಗಲ್ಲ. ತಟ್ಟೆ ಗೀರಿಹೋದ ಡಿಸ್ಕಿನಲ್ಲಿದ್ದದ್ದು ನಿಜಕ್ಕೂ ಹೋಗಿರುತ್ತದೆ. ಸುಳ್ಳು ಪಡಿತರ ಚೀಟಿಗಳೂ ಇರುತ್ತವೆ. ಕೊನೆಯಿಲ್ಲದ ಸಂಶಯದಿಂದ ಅಂಗಡಿಯೂ ನಡೆಯದು, ಸರ್ಕಾರವೂ ನಡೆಯದು. ಯೋಗ್ಯತೆಯ ಷರತ್ತು ಬಾಯಿ ಮುಚ್ಚಿಸುವುದಿಲ್ಲ. ಪರೀಕ್ಷೆಯ ಹೊರೆ ಯಾರದೆಂದು ಹೇಳುತ್ತದೆ. ಕೇಬಲ್ ಸರಿಯಿದೆಯೆಂದು ತೋರಿಸುವ ಕೆಲಸ ಡಿಸ್ಕಿನದಲ್ಲ. ತಾನು ಇದ್ದೇನೆಂದು ಸಾಬೀತುಪಡಿಸುವ ಕೆಲಸ, ಎದುರಿಗೇ ನಿಂತಿರುವ ಮುದುಕಿಯದೂ ಅಲ್ಲ. ಹುಡುಕುವವರು ತಮ್ಮ ಸಾಧನವನ್ನು ಮೊದಲು ಪರೀಕ್ಷಿಸಬೇಕು. ಆ ಪರೀಕ್ಷೆ ಮುಗಿಯುವವರೆಗೆ ಆಗುವ ತೊಂದರೆಯನ್ನು ಹುಡುಕುವವರೇ ಹೊರಬೇಕು. ಅಷ್ಟು ದಿನ ಆಕೆಯ ಅಕ್ಕಿ ಆಕೆಗೆ ಸಿಗುತ್ತಿರಬೇಕು.