ಕೈಕೆಳಗಿನವನ ಹೊಣೆ

ತಾಲೂಕು ಕಚೇರಿಯಲ್ಲಿ ತಹಶೀಲ್ದಾರರ ಹೆಸರು ಹಲಗೆಯ ಮೇಲೆ ಬರೆಯಲ್ಪಟ್ಟಿರುತ್ತದೆ. ಆದರೆ ಬಡ ಸ್ತ್ರೀಯೊಬ್ಬಳು ವಿಧವಾ ವೇತನಕ್ಕಾಗಿ ಕೊಟ್ಟ ಅರ್ಜಿಯು ಅವರ ಸಹಿಯನ್ನು ಕಾಣುವದಕ್ಕೆ ಮುಂಚೆ ಹೆಸರಿಲ್ಲದ ಅನೇಕರ ಕೈಗಳನ್ನು ದಾಟಬೇಕಾಗಿದೆ. ಹೀಗಿರಲಾಗಿ, ಅಪ್ಪಣೆ ಕೊಡುವ ಅಧಿಕಾರವಿಲ್ಲದವನಿಗೆ ಹೊಣೆಯೂ ಇಲ್ಲವೋ ಎಂಬದನ್ನು ನಾವು ವಿಚಾರಿಸುವದು ಯುಕ್ತವಾಗಿದೆ.

ಮೊದಲು ಈ ಕೆಲಸಗಳ ಭೇದವನ್ನು ತಿಳಿದುಕೊಳ್ಳೋಣ. ಟಪಾಲು ಗುಮಾಸ್ತನು ಕಾಗದವನ್ನು ತೆಗೆದುಕೊಂಡು ಅಂಕೆಯನ್ನೂ ತಾರೀಖನ್ನೂ ಹಾಕುವನು. ವಿಷಯ ನಿರ್ವಾಹಕನು ಸಂಗತಿಗಳನ್ನು ಪರಿಶೋಧಿಸಿ ಕಡತದಲ್ಲಿ ಟಿಪ್ಪಣಿ ಬರೆಯುವನು. ಶಿರಸ್ತೇದಾರನು ಅದನ್ನು ನೋಡಿ ಮೇಲಕ್ಕೆ ಕಳುಹಿಸುವನು. ಬೆರಳಚ್ಚುಗಾರನು ಆಜ್ಞೆಯನ್ನು ಅಚ್ಚುಕಟ್ಟಾಗಿ ಸಿದ್ಧಮಾಡುವನು. ದಾಖಲೆ ಕೊಠಡಿಯವನು ಹಳೇ ಕಾಗದಗಳನ್ನು ಕಾಯುವನು. ದಲಾಯತನು ಕಡತವನ್ನು ಮೇಜಿನಿಂದ ಮೇಜಿಗೆ ಒಯ್ಯುವನು. ಈಗ ಬಹು ಅರ್ಜಿಗಳು ಗಣಕಯಂತ್ರದಲ್ಲಿಯೇ ದಾಖಲಾಗುತ್ತವೆ. ಆದರೂ ಯಂತ್ರದ ಮುಂದೆ ಕೂತಿರುವದು ಮನುಷ್ಯನೇ.

"ನಾವು ಹೇಳಿದಂತೆ ಮಾಡುವವರು ಮಾತ್ರ" ಎಂದು ಇವರಲ್ಲಿ ಕೆಲವರು ಹೇಳುವದುಂಟು. ಸಂಬಳ ಅಲ್ಪ, ಕಾಗದಗಳ ಹೊರೆ ಬಹಳ ಎಂಬದೂ ಸುಳ್ಳಲ್ಲ. ಆದರೆ ಕೊಡುವ ಅಧಿಕಾರವಿಲ್ಲದವನಿಗೂ ತಡೆಯುವ ಶಕ್ತಿಯುಂಟು. ಅಂಕೆ ಬೀಳದ ಅರ್ಜಿಯು ಲೆಕ್ಕಕ್ಕೆ ಬಾರದು. ತಪ್ಪು ಗಂಟಿನಲ್ಲಿ ಕಟ್ಟಿದ ದಾಖಲೆಯು ಇದ್ದೂ ಇಲ್ಲದಂತೆ. ಟಿಪ್ಪಣಿಯಲ್ಲಿ ಒಂದು ಸಂಗತಿಯು ಬಿಟ್ಟುಹೋದರೆ ಸಹಿ ಹಾಕುವವನು ಕುರುಡನಾಗುವನು. ಸಹಿಯು ಒಬ್ಬನದಾದರೂ ಅದಕ್ಕೆ ಕಣ್ಣು ಕೊಡುವವರು ಇವರೇ.

ಈ ವಿಳಂಬವನ್ನು ತಡೆಯುವದಕ್ಕಾಗಿ ಕರ್ನಾಟಕದಲ್ಲಿ 2011ರ ಸಕಾಲ ಕಾನೂನು ಮಾಡಲ್ಪಟ್ಟು 2012ರಲ್ಲಿ ಜಾರಿಗೆ ಬಂತು. ಗೊತ್ತುಮಾಡಿದ ದಿನಗಳೊಳಗೆ ಸೇವೆಯು ದೊರೆಯದಿದ್ದರೆ ಅರ್ಜಿದಾರನು ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದೆ, ಪರಿಹಾರ ಕೇಳಬಹುದು. ಇದು ಒಳ್ಳೇದು. ಆದರೂ ಕಾನೂನು ದಿನಗಳನ್ನು ಎಣಿಸೀತೇ ಹೊರತು ಮನಸ್ಸನ್ನು ಅಳೆಯಲಾರದು. ಕಡೇ ದಿನದಲ್ಲಿ "ಒಂದು ಕಾಗದ ಕಡಿಮೆ" ಎಂದು ಅರ್ಜಿಯನ್ನು ಹಿಂದಿರುಗಿಸುವವನು ಲೆಕ್ಕದ ಪ್ರಕಾರ ನಿರ್ದೋಷಿಯಾಗಿರಬಹುದು. ಆ ಕೊರತೆಯನ್ನು ಮೊದಲನೇ ದಿನವೇ ಕಂಡು ಸುಮ್ಮನಿದ್ದವನಾದರೆ, ತನ್ನ ಮನಸ್ಸಾಕ್ಷಿಯ ಮುಂದೆ ಅವನು ನಿರ್ದೋಷಿಯೋ?

ಆದಕಾರಣ, ಪ್ರಿಯ ವಾಚಕರೇ, ನಮ್ಮ ಮಕ್ಕಳು ಇಂಥ ಉದ್ಯೋಗಕ್ಕೆ ಸೇರಿದರೆ ಅದು ಚಿಕ್ಕದೆಂದು ಹಳಿಯದೆ, ಅದರ ಭಾರವನ್ನು ಅವರಿಗೆ ತಿಳಿಸೋಣ. ನಾವು ಕಚೇರಿಗೆ ಹೋದಾಗ ದಲಾಯತನನ್ನೂ ಮರ್ಯಾದೆಯಿಂದ ಮಾತಾಡಿಸೋಣ. ಅರ್ಜಿಗೆ ರಶೀದಿಯನ್ನು ಕೇಳಿ ಪಡೆಯೋಣ. ಆದರೆ ಯಾರ ಕೈಯನ್ನೂ ಬೆಚ್ಚಗೆ ಮಾಡದಿರೋಣ. ಯಾಕಂದರೆ ಕೊಟ್ಟ ಹಣದಿಂದ ನಮ್ಮ ಅರ್ಜಿಯು ಎಷ್ಟು ಮುಂದೆ ಹೋಗುವದೋ, ಕೊಡಲಾರದ ಆ ಬಡ ಸ್ತ್ರೀಯ ಅರ್ಜಿಯು ಅಷ್ಟೇ ಹಿಂದೆ ಬೀಳುವದು.